ವಂದನಾರ್ಪಣೆಯ ಉಪಾಧ್ಯಕ್ಷರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮರ್ಯಾದೆ ಮಾಡಿದಂತಾಗುತ್ತದೆ ಎಂದು ನೀವು ಅಂದುಕೊಳ್ಳಬಹುದು. ಅವರಾಗಿದ್ದರೆ ಬೈದಂತಾಯಿತು ಎನ್ನುತ್ತಿದ್ದರು. ಅದು ಯಾಕೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು, ಜೊತೆಗೆ ಒಂದು ಒಳ್ಳೆಯ ಕೋಪವೂ ದಂಡವಾಯಿತು. ಸದ್ಯಕ್ಕೆ ಉಪಾಧ್ಯಕ್ಷರು ಎಂದರೆ ಸಾಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಊರಿಗೆ ಹತ್ತು ಸಂಘ, ಸಂಘಕ್ಕೆ ಇಬ್ಬರು ಉಪಾಧ್ಯಕ್ಷರು ಇದ್ದಾರೆ. ಆದರೂ ನಾಟಕ ನೋಡುವ ಜನ ಬರೀ ‘ಉಪಾಧ್ಯಕ್ಷರು’ ಎಂದರೆ ಅದು ನಮ್ಮವರೇ.

ನಮ್ಮದು ಹಾಸನದ ನಾಟಕ ಕಂಪನಿ. ಕಂಪನಿ ಎಂದೊಡನೆ ಡೇರೆ, ಝಗಮಗಿಸುವ ಪರದೆ ಎಲ್ಲ ನೆನೆಸಿಕೊಳ್ಳಬೇಡಿ. ಹಿಂದೆ ಆಲೂಗಡ್ಡೆ ಗೋದಾಮಾಗಿದ್ದ ಒಂದು ಶೀಟಿನ ಹಾಲ್, ಅದರೊಳಗೆ ಸಂಜೆ ತಾಲೀಮು. ಈಗಲೂ ನಾಯಕಿ ಅಳುವ ದೃಶ್ಯದಲ್ಲಿ ಉಸಿರೆಳೆದುಕೊಂಡರೆ ಮಣ್ಣು ಹತ್ತಿದ ಗಡ್ಡೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ನಟರಲ್ಲಿ ಮೇಷ್ಟ್ರುಗಳಿದ್ದಾರೆ, ಒಬ್ಬ ಬಸ್ ಕಂಡಕ್ಟರ್ ಇದ್ದಾನೆ, ತಮ್ಮೂರಲ್ಲಿ ವಿಮಾನ ಹಾರುವುದರೊಳಗೆ ಒಮ್ಮೆಯಾದರೂ ರಾಜನ ಪಾತ್ರ ಮಾಡಬೇಕೆಂದು ಕಾಯುತ್ತಿರುವ ಬೂವನಹಳ್ಳಿಯ ರೈತರೊಬ್ಬರಿದ್ದಾರೆ. ಅಲ್ಲಿ ಕಟ್ಟುತ್ತಲೇ ಇರುವ ವಿಮಾನ ನಿಲ್ದಾಣವೂ ನಮ್ಮ ನಿರ್ದೇಶಕರೂ ಒಂದೇ ವೇಗದಲ್ಲಿ ಕೆಲಸ ಮಾಡುವುದರಿಂದ ಅವರಿಗೆ ಇನ್ನೂ ಅವಕಾಶವಿದೆ.

ಇಷ್ಟು ಜನರ ಮೇಲೆ ಒಂದು ಆಡಳಿತ ಮಂಡಳಿ. ಅಧ್ಯಕ್ಷರು ನಿವೃತ್ತ ಎಂಜಿನಿಯರ್. ‘ಟೆಕ್ನಿಕಲಿ’ ಎನ್ನದೆ ಕಾಫಿಗೆ ಸಕ್ಕರೆಯನ್ನೂ ಕೇಳುವವರಲ್ಲ. ಕಾರ್ಯದರ್ಶಿ ಹೈಸ್ಕೂಲಿನ ಮೇಡಂ. ಮಂಡಳಿಯ ಕೆಲಸವನ್ನೆಲ್ಲ ಇವರು ಮಾಡುತ್ತಾರೆ, ಮಿಕ್ಕವರು ಅದನ್ನು ಅನುಮೋದಿಸುತ್ತಾರೆ. ಕಲಾವಿದರ ಪ್ರತಿನಿಧಿ ಅಂತ ಒಂದು ಜಾಗವಿದೆ. ಯಾರೂ ಬೇಡವೆಂದಿದ್ದರಿಂದ ಅದು ನನಗೆ ಸಿಕ್ಕಿತು. ಪ್ರತಿನಿಧಿಯ ಕೆಲಸವೆಂದರೆ ಬೋಂಡದ ತಟ್ಟೆಯ ಹತ್ತಿರ ಕೂತು ಕಲಾವಿದರ ಪರವಾಗಿ ತಿನ್ನುವುದು.

ನನ್ನ ವಿಚಾರ ಇಷ್ಟೇ. ಹಗಲು ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ, ಸಂಜೆ ಕಂಪನಿಯಲ್ಲಿ ಹಾಸ್ಯಪಾತ್ರ. ಯಾರ ದನಿ ಬೇಕಾದರೂ ತೆಗೆಯುತ್ತೇನೆ, ನನ್ನದೊಂದನ್ನು ಬಿಟ್ಟು. ಒಮ್ಮೆ ಒಂದು ಹುಡುಗಿಗೆ ಧೈರ್ಯ ಮಾಡಿ ಮನಸ್ಸಿನ ಮಾತು ಹೇಳಿದಾಗ ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡು, “ಚೆನ್ನಾಗಿದೆ, ಇದು ಯಾರ ವಾಯ್ಸು?” ಎಂದು ಕೇಳಿದಳು. ಅವಳ ಮದುವೆಯಲ್ಲಿ ನಾನೇ ನಿರೂಪಕ.

ಉಪಾಧ್ಯಕ್ಷರು ಹಳೇಕೋಟೆ ಕಡೆಯವರು. ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ ಮಂಡಿ ಇಟ್ಟಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ದಾರಕ್ಕೆ ತಗುಲಿ ಹೊಟ್ಟೆಯ ಮೇಲೆ ವಿಶ್ರಾಂತಿ ಪಡೆಯುವ ಕನ್ನಡಕ. ಲಾರಿಯ ಸದ್ದಿನ ಮೇಲೆ ಹರಾಜು ಕೂಗಿ ಕೂಗಿ ಬೆಳೆದ ಗಂಟಲು. ಅವರ ಮುಂದೆ ಮೈಕ್ ಇಡುವುದು ಹೊಳೆಗೆ ನಲ್ಲಿ ಹಾಕಿದ ಹಾಗೆ. ಹೊಸಬರು ಯಾರು ಸಿಕ್ಕಿದರೂ ಕೈ ಹಿಡಿದು ಗಡ್ಡೆ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ, “ಎಸ್ರೇನು? ಯಾರ್ ಮಗ? ಯಾವೂರು?” ಎಂದು ಕೇಳುತ್ತಿದ್ದರು. ನಾನು ಕಂಪನಿ ಸೇರಿದ ದಿನ ನನ್ನ ಕೈಯನ್ನೂ ಹಾಗೆಯೇ ತಿರುಗಿಸಿ ನೋಡಿ, “ಮೊಳ್ಕೆ ಬತ್ತದೆ ಬುಡು, ಒಸಿ ನೆಳ್ಳಲ್ಲಿ ಮಡ್ಗಿ” ಎಂದು ಮೇಡಂಗೆ ಸಲಹೆ ಕೊಟ್ಟಿದ್ದರು. ಆ ವರ್ಷವೆಲ್ಲ ನನ್ನನ್ನು ಪರದೆಯ ಹಿಂದೆ ನಿಲ್ಲಿಸಿದ್ದರು. ನರಿ, ಗೂಬೆ, ದೂರದ ರೈಲು, ಇವು ನನ್ನ ಪಾತ್ರಗಳು.

ಅವರು ಒಂದೇ ಒಂದು ನಾಟಕದಲ್ಲೂ ಪಾತ್ರ ಮಾಡಿದವರಲ್ಲ, ಬರೆದವರಲ್ಲ, ಒಂದು ಹಾಡು ಅಂದವರಲ್ಲ. ಅವರ ಕೆಲಸ ವಂದನಾರ್ಪಣೆ. ಕಾರ್ಯಕ್ರಮದ ಕಡೆಗೆ ಮೈಕಿನ ಮುಂದೆ ನಿಂತು, ಅದರ ತಲೆಯನ್ನು ಉಗುರಿನಿಂದ ಟಕಟಕ ಎನಿಸಿ, ಬಂದವರಿಗೆ, ಕೊಟ್ಟವರಿಗೆ, ಹೊತ್ತವರಿಗೆ ವಂದನೆ ಹೇಳುವುದು. ಮಂಡಿಯಲ್ಲಿ, ಮನೆಯಲ್ಲಿ ಬಿಟ್ಟುಬಿಟ್ಟ ಹಕಾರಗಳನ್ನೆಲ್ಲ ಕೂಡಿಟ್ಟುಕೊಂಡು ಮೈಕಿನ ಮುಂದೆ ಒಟ್ಟಿಗೆ ಸುರಿಯುತ್ತಿದ್ದರು: “ಹತಿಥಿಗಳಾಗಿ ಹಾಗಮಿಸಿ ಈ ಸಭೆಗೆ ಶೋಭೆ ತಂದಂಥ...” ಅಲ್ಲಿಂದ ಶುರುವಾದರೆ ಅತಿಥಿಗಳು, ಊರಿನ ಹಿರಿಯರು, ಹಾಲ್ ಕೊಟ್ಟವರು, ಅದರ ಬೀಗ ತೆಗೆದವರು, ಪರದೆ ಎಳೆದ ಸಣ್ಣಪ್ಪ, ಅಡುಗೆ ಮಾಡಿದ ಪುಟ್ಟಮ್ಮ, ಅವಳಿಗೆ ಈರುಳ್ಳಿ ಹೆಚ್ಚಿಕೊಟ್ಟವರು, ಟೆಂಪೋದವನು, ಟೆಂಪೋ ಕೆಸರಲ್ಲಿ ಹೂತಾಗ ತಳ್ಳಿದವರು. ಇವರೆಲ್ಲ ವೇದಿಕೆಯ ಪಕ್ಕ ಕೈ ಒರೆಸಿಕೊಂಡು ಬಂದು ನಿಂತಿರುತ್ತಿದ್ದರು. ಹೆಸರು ಬಂದ ಕೂಡಲೇ ಪುಟ್ಟಮ್ಮ ಸೆರಗು ಸರಿಮಾಡಿಕೊಂಡು ಬೇರೆ ಯಾರನ್ನೋ ಕರೆದಿರಬೇಕೆಂಬ ಹಾಗೆ ಆಚೆ ನೋಡುತ್ತಿದ್ದಳು.

ಇಷ್ಟು ಹೆಸರುಗಳನ್ನು ಅವರು ಕಲೆಹಾಕುತ್ತಿದ್ದುದು ನಾಟಕ ನಡೆಯುವಾಗ. ಪರದೆ ಎದ್ದ ಕೂಡಲೇ ಮಂಡಳಿಯವರೆಲ್ಲ ಮುಂದಿನ ಸಾಲಿನ ಸೋಫಾದಲ್ಲಿ ಒರಗಿದರೆ ಇವರು ಎದ್ದು ಹಿಂದಕ್ಕೆ ಹೋಗಿಬಿಡುತ್ತಿದ್ದರು. ಒಲೆಯ ಹತ್ತಿರ, ಜನರೇಟರ್ ಹತ್ತಿರ, ಚಪ್ಪಲಿ ಕಾಯುವವನ ಹತ್ತಿರ ನಿಂತು ವಿಚಾರಿಸಿಕೊಂಡು, ಕೇಳಿದ್ದನ್ನು ಬಾಯಲ್ಲೇ ಗುನುಗಿಕೊಂಡು ಬರುತ್ತಿದ್ದರು. ಆಗ ಅವರನ್ನು ಮಾತಾಡಿಸುವ ಹಾಗಿಲ್ಲ. ಒಮ್ಮೆ ನಾನು ಬಣ್ಣ ಹಚ್ಚಿಕೊಂಡವನು, “ಸಾ, ಮೀಸೆ ಸರಿಯಾಗಿದ್ಯಾ?” ಎಂದು ಎದುರಿಗೆ ಹೋದೆ. ಎರಡೂ ಕೈ ಎತ್ತಿ, “ಮಾತಾಡುಸ್ಬ್ಯಾಡ ಕಣ್ಲಾ, ಚೆಲ್ಲೋಯ್ತದೆ!” ಎಂದು ತುಂಬಿದ ಕೊಡ ಹೊತ್ತವರ ಹಾಗೆ ಪಕ್ಕಕ್ಕೆ ಸರಿದು ಹೋದರು.

ಹೀಗಾಗಿ ನಾಟಕ ಕಂಪನಿಯ ಉಪಾಧ್ಯಕ್ಷರು ಒಂದು ನಾಟಕವನ್ನೂ ಪೂರ್ತಿ ನೋಡಿರಲಿಲ್ಲ. ಯಾರಾದರೂ ಅಭಿಪ್ರಾಯ ಕೇಳಿದರೆ “ಲೈಟಿಂಗು ಚೆನ್ನಾಗಿತ್ತು” ಎನ್ನುತ್ತಿದ್ದರು. ಒಂದು ಶಾಲೆಯ ಬಯಲಿನಲ್ಲಿ ಮಟಮಟ ಮಧ್ಯಾಹ್ನ ಆಡಿದ ನಾಟಕಕ್ಕೂ ಲೈಟಿಂಗು ಚೆನ್ನಾಗಿತ್ತು ಎಂದರು. ಬಿಸಿಲು ಚೆನ್ನಾಗಿಯೇ ಇತ್ತು, ಸುಳ್ಳಲ್ಲ.

ವಂದನೆ ಹೇಳುವುದರಲ್ಲಿ ಅವರಿಗೆ ಹೆದರಿಕೆಯೂ ಇರಲಿಲ್ಲ, ವಿವೇಚನೆಯೂ ಇರಲಿಲ್ಲ. ಹೊಳೆನರಸೀಪುರದಲ್ಲಿ ಒಂದು ಸಲ ಹಾಲಿನ ಕರೆಂಟ್ ಹೋಯಿತು. ಪಕ್ಕದ ಬೀದಿಯ ಒಬ್ಬ ಉತ್ಸಾಹಿ ಕಂಬ ಹತ್ತಿ ವೈರ್ ಸಿಕ್ಕಿಸಿ ನಮ್ಮ ನಾಟಕ ಉಳಿಸಿದ. ಆ ದಿನದ ಅತಿಥಿಗಳು ಕರೆಂಟ್ ಆಫೀಸಿನ ಸಾಹೇಬರು. ಉಪಾಧ್ಯಕ್ಷರು ಮೈಕ್ ಹಿಡಿದು, “ಕಂಬದಿಂದ ನೇರವಾಗಿ ನಮಗೆ ವಿದ್ಯುತ್ ಹೊದಗಿಸಿದ...” ಎಂದು ಶುರುಮಾಡಿ, ಆ ಉತ್ಸಾಹಿಯ ಹೆಸರು, ಅವನಪ್ಪನ ಹೆಸರು, ಮನೆಯ ಗುರುತು, ಬಾಗಿಲ ಮುಂದಿನ ಸೀಬೆಮರದ ಸಮೇತ ಹೇಳಿ ಚಪ್ಪಾಳೆ ಹೊಡೆಸಿದರು. ಸಾಹೇಬರೂ ಒಳ್ಳೆಯವರು, ಅವರೂ ಚಪ್ಪಾಳೆ ಹೊಡೆದರು. ಆದರೆ ಉತ್ಸಾಹಿ ಮಾತ್ರ ಚಪ್ಪಾಳೆ ನಿಲ್ಲುವುದರೊಳಗೆ ಕಂಬದ ಹತ್ತಿರ ಇದ್ದ, ವೈರ್ ಅವನ ಕೈಯಲ್ಲಿತ್ತು, ನಾವು ಕತ್ತಲಲ್ಲಿ ಇದ್ದೆವು.

ಅರಕಲಗೂಡಿನಲ್ಲಿ ಆದದ್ದು ಇನ್ನೂ ದೊಡ್ಡದು. ಅಲ್ಲಿಯ ಅತಿಥಿಗಳಿಗೆ ಒಂದು ಆರತಕ್ಷತೆಗೆ ಹೋಗುವ ಆತುರವಿತ್ತು. ಅದಕ್ಕೇ ಹಾರ, ಶಾಲು, ಭಾಷಣಗಳನ್ನೆಲ್ಲ ಕೊನೆಯ ಅಂಕಕ್ಕೆ ಮೊದಲೇ ಮುಗಿಸೋಣ ಎಂದರು ಅಧ್ಯಕ್ಷರು. ಭಾಷಣವಾದ ಮೇಲೆ ವಂದನಾರ್ಪಣೆಯಾಗದೆ ಇರುತ್ತದೆಯೇ? ಉಪಾಧ್ಯಕ್ಷರು ಶುರುಮಾಡಿದರು. ಎಲ್ಲ ಸಾಂಗವಾಗಿ ಸಾಗಿ, “ಕೊನೆಯದಾಗಿ...” ಎಂದರು ನೋಡಿ, ಇಡೀ ಬಯಲು ಒಂದೇ ಸಲಕ್ಕೆ ಎದ್ದು ನಿಂತಿತು! ಆ ಒಂದು ಮಾತಿಗೆ ಏಳುವುದು ಈ ಸೀಮೆಯ ಜನಕ್ಕೆ ಅಷ್ಟು ಅಭ್ಯಾಸವಾಗಿ ಹೋಗಿತ್ತು. ಜನ ಚಾಪೆ ಕೊಡವಿ, ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೊರಟೇ ಹೊರಟರು.

“ಕುಂತ್ಕಳಿ, ಕುಂತ್ಕಳಿ! ನಾಟ್ಕ ಇನ್ನೂ ಐತೆ!” ಎಂದು ಉಪಾಧ್ಯಕ್ಷರು ಕೂಗಿದರು.

“ಪರ್ವಾಗಿಲ್ಲ ಬುಡಿ ಸಾಮಿ, ಮುಂದ್ಕೇನಾಯ್ತದೆ ಅಂತ ಗೊತ್ತಾಯ್ತು” ಎಂದು ಒಬ್ಬ ಅಜ್ಜ ಚಪ್ಪಲಿ ಮೆಟ್ಟಿಕೊಂಡ.

ನಾಟಕದ ಕೊನೆಯ ಅಂಕದಲ್ಲಿ ಕಳೆದುಹೋಗಿದ್ದ ಮಗ ತನ್ನ ತಾಯಿಯನ್ನು ಸೇರಿದ್ದನ್ನು ಆ ಸಂಜೆ ಕಂಡವನು ಶಾಮಿಯಾನದವನೊಬ್ಬನೇ. ಕುರ್ಚಿ ಅವನವಾದ್ದರಿಂದ ಬಿಟ್ಟು ಹೋಗುವ ಹಾಗಿರಲಿಲ್ಲ.

ಇಂಥವರು ಕಣ್ಣೆದುರಿಗಿದ್ದೂ ನಾನು ಸುಮ್ಮನಿದ್ದರೆ ನನ್ನ ವಿದ್ಯೆಗೆ ಅವಮಾನ. ಅವರ ದನಿ ತೆಗೆಯುವುದನ್ನು ಕಲಿತೆ. ಟವೆಲ್ ಸರಿಮಾಡುವುದು, ಉಗುರಿನ ಟಕಟಕ, ಹಕಾರಗಳ ಸುರಿಮಳೆ, ಎಲ್ಲ ಬಂತು. ಅಂಗಡಿಯಲ್ಲಿ ಗಿರಾಕಿಗಳಿಗೂ, “ಹೊಡೆದ ಸ್ಕ್ರೀನನ್ನು ಹೊತ್ತು ಹಾಗಮಿಸಿದ ತಮಗೆ...” ಎನ್ನುತ್ತಿದ್ದೆ. ಕಂಪನಿಯ ವಾರ್ಷಿಕೋತ್ಸವದಲ್ಲಿ ಅವರ ಎದುರೇ ಮಾಡಿಬಿಟ್ಟೆ. ಹಾಲಿನ ಶೀಟು ಹಾರುವಷ್ಟು ನಗು. ಉಪಾಧ್ಯಕ್ಷರು ಮಾತ್ರ ಕನ್ನಡಕ ಹಾಕಿಕೊಂಡು ಗಡ್ಡೆಯಲ್ಲಿ ಹುಳುಕು ಹುಡುಕುವವರ ಹಾಗೆ ನೋಡುತ್ತಿದ್ದರು. ಮುಗಿದ ಮೇಲೆ ಬೆರಳಲ್ಲಿ ಕರೆದರು.

“ಬಾರ್ಲಾ ಇಲ್ಲಿ.”

ಹೋದೆ. ಹೋಗುವಾಗಲೇ ಒಂದು ಕ್ಷಮಾಪಣೆಯನ್ನು ಅಧ್ಯಕ್ಷರ ದನಿಯಲ್ಲಿ ಸಿದ್ಧಮಾಡಿಕೊಂಡಿದ್ದೆ.

“ಎಲ್ಲಾ ಸರಿಯಾಗೈತೆ. ‘ಕೊನೆಯದಾಗಿ’ ಅನ್ನಕ್ ಮುಂಚೆ ನಾನು ಒಂದ್ ಉಸ್ರು ತಗತೀನಿ. ನೀನು ತಗಳ್ಳಿಲ್ಲ.”

“ಅದ್ಯಾಕೆ ಸಾ, ಸುಸ್ತಾಗಿರ್ತದಾ?”

“ಸುಸ್ತಲ್ಲ ಕಣ್ಲಾ ಮಂಕೆ. ಇಂದ್ಗಡೆ ಯಾರಾರ ಬಿಟ್ಟೋದ್ರಾ ಅಂತ ಒಂದ್ಸಲಿ ನೋಡ್ಕತೀನಿ. ಆ ಮಾತು ಅಂದ್ಬುಟ್ರೆ ಜನ ಎದ್ಬುಡ್ತಾರೆ. ಆಮ್ಯಾಕೆ ಯಾರ್ ಎಸ್ರು ಕೂಗುದ್ರೂ ಯಾರ್ಗೂ ಕೇಳಾಕಿಲ್ಲ.”

ಆಮೇಲೆ ನನಗೆ ಆ ಉಸಿರನ್ನು ಎರಡು ಮೂರು ಸಲ ತೆಗೆದು ತೋರಿಸಿದರು. ಗುರುಗಳಿಂದಲೇ ತಿದ್ದಿಸಿಕೊಂಡು ಗುರುಗಳನ್ನೇ ಗೇಲಿ ಮಾಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಹೀಗೇ ಸಾಗುತ್ತಿತ್ತು. ಆದರೆ ಒಂದು ಮಂಡಳಿ ಸಭೆಯಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ನೋಡಿ, ಟೆಕ್ನಿಕಲಿ, ನಮ್ಮ ನಾಟಕಕ್ಕಿಂತ ನಮ್ಮ ವಂದನಾರ್ಪಣೆಯೇ ಹೆಚ್ಚು ಪ್ರಸಿದ್ಧವಾಗ್ತಾ ಇದೆ. ಜನ ಆಡಿಕೊಳ್ತಾರೆ. ಬೆಂಗಳೂರಿನ ತಂಡಗಳಲ್ಲಿ ಇದೆಲ್ಲ ಇಲ್ಲ. ಇನ್ನು ಮುಂದೆ ಎಲ್‌ಇಡಿ ಪರದೆ ಹಾಕಿಸೋಣ. ಹೆಸರುಗಳು ಅದರ ಮೇಲೆ ಕೆಳಗಿಂದ ಮೇಲಕ್ಕೆ ಹೋಗ್ತವೆ. ನೀಟಾಗಿರುತ್ತೆ.”

ಆಡಿಕೊಳ್ಳುವ ಜನ ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಲಾವಿದರ ಪರವಾಗಿ ಇನ್ನೊಂದು ಬೋಂಡ ತೆಗೆದುಕೊಂಡೆ. ಮೇಡಂ ಮೆಲ್ಲಗೆ, “ಸಾರ್, ತಾವೇನಂತೀರಿ?” ಎಂದು ಉಪಾಧ್ಯಕ್ಷರನ್ನು ಕೇಳಿದರು.

“ಅಂಗೇ ಆಗ್ಲಿ ಬುಡಿ ಮೇಡಂ. ಜನಕ್ಕೂ ಒತ್ತಾಯ್ತದೆ” ಎಂದರು ಅವರು, ಕನ್ನಡಕ ಒರೆಸುತ್ತಾ. ಕನ್ನಡಕದಲ್ಲಿ ಏನೂ ಇರಲಿಲ್ಲ.

ಸರ್ವಾನುಮತದಿಂದ ತೀರ್ಮಾನವಾಯಿತು. ಆಗ ಒಂದು ತೊಡಕು ಎದುರಾಯಿತು. ನಮ್ಮ ಮಂಡಳಿಯ ಸಭೆಗಳೂ ವಂದನಾರ್ಪಣೆಯಿಂದಲೇ ಮುಗಿಯಬೇಕು, ಅದನ್ನೂ ಉಪಾಧ್ಯಕ್ಷರೇ ಮಾಡಬೇಕು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವರು ಮಾತ್ರ ಎಂದಿನ ಹಾಗೆ ಎದ್ದು, ಇಲ್ಲದ ಮೈಕಿನ ತಲೆಗೆ ಉಗುರು ತಾಗಿಸಿದರು. “ವಂದನಾರ್ಪಣೆಯನ್ನು ರದ್ದು ಮಾಡುವ ಸಲುವಾಗಿ ತಮ್ಮ ಹಮೂಲ್ಯ ಸಮಯವನ್ನು ಕೊಟ್ಟು ಹಾಗಮಿಸಿದ ಹೆಲ್ಲರಿಗೂ...” ಎಂದು, ಬೋಂಡ ಕರಿದ ಪುಟ್ಟಮ್ಮನ ಹೆಸರನ್ನೂ ಬಿಡದೆ ಹೇಳಿ ಕೂತರು. ಅಣಕಿಸುವ ದನಿಯಲ್ಲ ಅದು. ಅಣಕ ಯಾವುದು ಎಂಬುದು ನನಗೆ ಗೊತ್ತಾಗದೆ ಇರುತ್ತದೆಯೇ? ಅವರು ನಿಜವಾಗಿಯೇ ಹೇಳಿದ್ದರು. ಅದರಿಂದಲೇ ಎಲ್ಲರೂ ಕೈಯಲ್ಲಿದ್ದ ಬೋಂಡವನ್ನು ಮತ್ತೆ ತಟ್ಟೆಗೆ ಇಟ್ಟರು.

ಹೊರಗೆ ಬಂದಾಗ ಚಪ್ಪಲಿ ಹಾಕಿಕೊಳ್ಳುತ್ತಾ ನನಗೊಬ್ಬನಿಗೇ ಕೇಳುವ ಹಾಗೆ ಅಂದರು: “ಪಾಲ್ಟು ಮಾಡಕ್ ಬರಾಕಿಲ್ಲ, ಆಡಕ್ ಬರಾಕಿಲ್ಲ. ಇನ್ಮ್ಯಾಲೆ ನಾನು ಕಂಪ್ನಿಗ್ ಬಂದು ಏನ್ ಮಾಡ್ಲಿ, ಏಳು ಮತ್ತೆ?”

ತಮಾಷೆಗೆ ಒಂದು ಉತ್ತರ ಹುಡುಕಿದೆ. ಸಿಕ್ಕಿದ್ದು ಅವರ ಇನ್ನೊಂದು ಚಪ್ಪಲಿ; ಅದನ್ನೇ ಕಾಲಿನ ಹತ್ತಿರ ಸರಿಸಿದೆ.

ಮುಂದಿನ ಪ್ರದರ್ಶನ ಚನ್ನರಾಯಪಟ್ಟಣದಲ್ಲಿ. ಅದೇ ತಾಯಿ ಮಗನ ನಾಟಕ. ಉಪಾಧ್ಯಕ್ಷರು ಬಂದರು, ಮಾಡುವುದಕ್ಕೆ ಕೆಲಸವಿಲ್ಲದ್ದರಿಂದ ಮುಂದಿನ ಸಾಲಿನ ಸೋಫಾದಲ್ಲಿ ಮಂಡಳಿಯವರ ಜೊತೆ ಕೂತರು. ನಾನು ಆಳಿನ ಪಾತ್ರದಲ್ಲಿ ಬಿದ್ದು ಎದ್ದು ಜನರನ್ನು ನಗಿಸುತ್ತಿದ್ದಾಗ ಕಣ್ಣು ಅವರ ಮೇಲೇ ಇತ್ತು. ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಮಗ ತಾಯಿಯ ಕಾಲು ಹಿಡಿದಾಗ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಪರದೆ ಬಿದ್ದ ಮೇಲೆ ನನ್ನ ಹತ್ತಿರ ಬಂದು, ಗಾಬರಿಯಾದವರ ಹಾಗೆ ಕೇಳಿದರು:

“ಏನ್ಲಾ, ನಮ್ ನಾಟ್ಕ ಇಷ್ಟ್ ಚೆನ್ನಾಗೈತಾ?”

“ಇಷ್ಟ್ ವರ್ಷದಿಂದ ಹಿಂಗೇ ಐತಲ್ಲ ಸಾ.”

“ನಂಗ್ಯಾರೂ ಏಳ್ನೇ ಇಲ್ವಲ್ಲೋ!”

ಅಷ್ಟರಲ್ಲಿ ಎಲ್‌ಇಡಿ ಪರದೆ ಹೊತ್ತಿಕೊಂಡಿತು. ಹೆಸರುಗಳು ನೀಟಾಗಿ ಮೇಲಕ್ಕೆ ಹೋದವು. ಅತಿಥಿಗಳು ಹೋದರು, ದಾನಿಗಳು ಹೋದರು, ಮಂಡಳಿ ಹೋಯಿತು, ಕಡೆಗೆ ‘ಮತ್ತಿತರರು’ ಎಂದು ಬಂದು ಪರದೆ ಕಪ್ಪಾಯಿತು. ಸಿನಿಮಾ ಮುಗಿದಾಗ ಮಾಡುವ ಹಾಗೆ ಜನ ಅದಕ್ಕೆ ಬೆನ್ನು ಹಾಕಿ ಹೊರಗೆ ಹೋದರು. ವೇದಿಕೆಯ ಪಕ್ಕದಲ್ಲಿ ಮಾತ್ರ ಪುಟ್ಟಮ್ಮ, ಸಣ್ಣಪ್ಪ, ಟೆಂಪೋದವನು ಎಂದಿನ ಹಾಗೆ ಕೈ ಒರೆಸಿಕೊಂಡು ನಿಂತೇ ಇದ್ದರು.

“ನಮ್ದು ಯಾವಾಗ ಬತ್ತದೆ?” ಎಂದು ಪುಟ್ಟಮ್ಮ ಕೇಳಿದಳು.

“ಬಂತಲ್ಲಮ್ಮ” ಎಂದರು ಅಧ್ಯಕ್ಷರು, “ಟೆಕ್ನಿಕಲಿ ನೀವೆಲ್ಲ ಮತ್ತಿತರರು ಅನ್ನೋದರಲ್ಲಿ ಬಂದ್ರಿ.”

ಪುಟ್ಟಮ್ಮ ಕಪ್ಪಾದ ಪರದೆಯನ್ನು ಒಂದು ಸಲ, ಅಧ್ಯಕ್ಷರನ್ನು ಒಂದು ಸಲ ನೋಡಿ ಪಾತ್ರೆ ಎತ್ತಿಕೊಂಡು ಹೋದಳು. ಉಪಾಧ್ಯಕ್ಷರ ಬಾಯಿ ಅಲ್ಲಾಡುತ್ತಿತ್ತು. ನಾಟಕ ಶುರುವಾಗುವ ಮುಂಚೆಯೇ ಹೋಗಿ ಹೆಸರುಗಳನ್ನೆಲ್ಲ ಕೇಳಿಕೊಂಡು ಬಂದುಬಿಟ್ಟಿದ್ದರು ಎಂದು ಆಮೇಲೆ ಗೊತ್ತಾಯಿತು. ತುಂಬಿದ ಕೊಡ ಹೊತ್ತೇ ಮನೆಗೆ ಹೋದರು.

ಮುಂದಿನ ನಾಟಕ ಹಾಸನದಲ್ಲೇ. ಅಡುಗೆಗೆ ಹೇಳಲು ಮೇಡಂ ಪುಟ್ಟಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ಬಿಡುವಿಲ್ಲ ಕಣವ್ವ. ಮತ್ತಿತರರ ಕೈಲಿ ಮಾಡಿಸ್ಕಳಿ.”

ಸಣ್ಣಪ್ಪನಿಗೆ ಮಾಡಿದರು. “ನಂಗೆ ಭುಜ ನೋವು ಮೇಡಂ. ಮತ್ತಿತರರು ಅಂತ ಒಬ್ರವ್ರಲ್ಲ, ಅವ್ರೇ ಎಳೀಲಿ ಪರ್ದೆಯ.”

ಟೆಂಪೋದವನೂ ಮತ್ತಿತರರ ಟೆಂಪೋವನ್ನೇ ಶಿಫಾರಸು ಮಾಡಿದ. ಯಾರೂ ಜಗಳವಾಡಲಿಲ್ಲ, ಯಾರೂ ಬೈಯಲಿಲ್ಲ. ಈ ಕಡೆಯ ಜನ ಕೋಪ ಬಂದರೆ ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ, ಅದಕ್ಕೇ ಹೆದರಬೇಕು. ಮೇಡಂ ಫೋನ್ ಕೆಳಗಿಟ್ಟು ಅಧ್ಯಕ್ಷರನ್ನು ನೋಡಿದರು. ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗಿತ್ತು ಆ ನೋಟ.

ಅಧ್ಯಕ್ಷರು ದೊಡ್ಡವರೇ. ಆ ಮಧ್ಯಾಹ್ನವೇ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಂಡಿಗೆ ಹೋದರು. ಮೂಟೆಗಳ ನಡುವೆ ನಿಂತು, ಎಂದೂ ಇಲ್ಲದ ಹಾಗೆ ‘ಟೆಕ್ನಿಕಲಿ’ ಇಲ್ಲದೆ ಮಾತಾಡಿದರು: “ತಪ್ಪಾಯ್ತು. ತಾವು ಬರಬೇಕು.”

ಉಪಾಧ್ಯಕ್ಷರು ಎದ್ದು ನಿಂತು ಒಳಗಿನ ಕುರ್ಚಿ ಎಳೆದು ಅವರನ್ನು ಕೂರಿಸಿದರು. “ತಪ್ಪೇನ್ ಬಂತು ಬುಡಿ ಸಾ. ಆ ಪರ್ದೆ ಚೆನ್ನಾಗೈತೆ, ಅದೂ ಇರ್ಲಿ. ಅದ ಆಕೋ ಉಡುಗನ ಎಸ್ರೇನು? ಯಾವೂರೋನು?”

ಹಾಸನದ ನಾಟಕಕ್ಕೆ ಪುಟ್ಟಮ್ಮ ಬಂದಳು. ಸಣ್ಣಪ್ಪನ ಭುಜವೂ ವಾಸಿಯಾಗಿತ್ತು. ಉಪಾಧ್ಯಕ್ಷರು ಮೊದಲಿನ ಹಾಗೆ ಹಿಂದೆ ಮುಂದೆ ಓಡಾಡಿದರು; ಕಡೆಯ ದೃಶ್ಯ ಬಂದಾಗ ಮಾತ್ರ ಪಕ್ಕದ ಪರದೆಯ ಸಂದಿಯಲ್ಲಿ ಕಳ್ಳನ ಹಾಗೆ ಮುಖ ತೂರಿಸಿ ತಾಯಿ ಮಗನನ್ನು ನೋಡಿಕೊಂಡರು. ಆಮೇಲೆ ಮೈಕ್ ಹಿಡಿದರು. ಚನ್ನರಾಯಪಟ್ಟಣದ ಬಾಕಿಯನ್ನೂ ಸೇರಿಸಿ ಹೇಳಿದ್ದರಿಂದ ವಂದನಾರ್ಪಣೆ ಎಂದಿಗಿಂತ ಉದ್ದವಾಯಿತು. ಎಲ್‌ಇಡಿ ಹುಡುಗನ ಹೆಸರು ಬಂತು. ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ಮುಳುಗಿದ ಚರ್ಚ್ ನೋಡಲು ಹೋಗಿದ್ದವರು ದಾರಿ ತಪ್ಪಿ ನಮ್ಮ ನಾಟಕಕ್ಕೆ ಬಂದು ಕೂತಿದ್ದರು; ಅವರಿಗೂ ವಂದನೆ ಬಂತು. ನಾನು ಹಾಕಿಕೊಂಡಿದ್ದ ಕೋಟನ್ನು ಕೊಟ್ಟವನ ಹೆಸರು ಬಂತು. ಕೋಟಿನೊಳಗೆ ಇದ್ದವನ ಹೆಸರು ಬರಲಿಲ್ಲ.

ಅಂದು ನನಗೆ ಜ್ವರ. ಜ್ವರದಲ್ಲೇ ಬಿದ್ದು ಎದ್ದು ನಗಿಸಿದ್ದೆ. ಅಧ್ಯಕ್ಷರ ಜೊತೆ ಮಂಡಿಗೆ ಹೋದವನೂ ನಾನೇ. ಕಂಪನಿ ಸೇರಿದಾಗಿನಿಂದ ಒಂದು ಸಲವಾದರೂ ಅವರ ಬಾಯಲ್ಲಿ ನನ್ನ ಹೆಸರು ಬಂದಿರಲಿಲ್ಲ ಎಂಬುದು ಆಗ ಇದ್ದಕ್ಕಿದ್ದ ಹಾಗೆ ಹೊಳೆದು ಹೊಟ್ಟೆ ಉರಿಯಿತು. ಮಾರನೆಯ ದಿನ ಹೋಟೆಲಿನಲ್ಲಿ ಅವರು ಕಾಫಿ ಕುಡಿಯುತ್ತಿದ್ದಾಗ ಎದುರಿಗೆ ಹೋಗಿ ಕೂತೆ.

“ಸಾ, ದಾರಿ ತಪ್ಪಿ ಬಂದೋರ್ಗೆಲ್ಲ ವಂದನೆ ಹೇಳ್ತೀರಿ. ನಾನೇನ್ ಪಾಪ ಮಾಡಿದ್ದೆ? ನನ್ ಹೆಸರು ಯಾಕಿಲ್ಲ?”

ಅವರು ಲೋಟ ಕೆಳಗಿಟ್ಟು ನಿಜವಾಗಿಯೂ ಆಶ್ಚರ್ಯಪಟ್ಟರು.

“ನಿಂಗ್ಯಾಕ್ಲಾ ಏಳ್ಲಿ?”

“ಯಾಕ್ ಸಾ, ನಾನ್ ಕೆಲ್ಸ ಮಾಡಲ್ವಾ?”

“ಮೇಡಂ ಎಸ್ರು ಏಳಿದ್ದೀನಾ? ಅಧ್ಯಕ್ಸರ್ದು? ಆಚೆಯೋರ್ಗೆ ಕಣ್ಲಾ ವಂದ್ನೆ ಏಳಾದು. ಪುಟ್ಟಮ್ಮ, ಸಣ್ಣಪ್ಪ ಅವ್ರವ್ರ ಕೆಲ್ಸ ಬುಟ್ಟು ನಮ್ ಮನೆ ಕೆಲ್ಸುಕ್ ಬಂದೋರು. ಅವ್ರ್ಗೆ ಏಳ್ಬೇಕು. ಮನೇರ್ಗೆ ಯಾರಾರ ಏಳ್ತಾರಾ? ನಿಮ್ಮವ್ವ ಮುದ್ದೆ ಬಡುದ್ರೆ ನೀನು ಎದ್ ನಿಂತು, ಮುದ್ದೆ ಒದಗಿಸಿದ ಮಾತೃಶ್ರೀಯವರಿಗೆ ಅಂತೀಯಾ? ಅಂದ್ರೆ ಅವ್ರು ಸೌಟಲ್ಲಿ ಬಿಡ್ತಾರೆ.” ಕಾಫಿ ಮುಗಿಸಿ ಎದ್ದರು. “ಎಸ್ರು ಕೂಗ್ಬೇಕು ಅಂದ್ರೆ ಏಳು. ನಾಳೆಯಿಂದ ನೀನೂ ಆಚೆಯೋನು, ಕೂಗ್ತೀನಿ.”

ನಾನು ಬೇಡವೆಂದೆ. ಯಾವ ದನಿಯಲ್ಲಿ ಎಂದೆನೋ ನೆನಪಿಲ್ಲ. ಬಹುಶಃ ನನ್ನದರಲ್ಲೇ ಇರಬೇಕು. ಯಾಕೆಂದರೆ ಅವರು ನಗಲಿಲ್ಲ, ತಲೆಯ ಮೇಲೊಂದು ಕುಟ್ಟಿ ಹೋದರು. ಕಾಫಿಯ ಬಿಲ್ಲನ್ನು ನನಗೇ ಬಿಟ್ಟು ಹೋದರು, ಮನೆಯವನಲ್ಲವೇ!

ಈ ವರ್ಷದ ಬಿತ್ತನೆ ಗಡ್ಡೆಯ ಲಾರಿಗಳು ಬರುವುದಕ್ಕೆ ಮೊದಲೇ ಅವರು ತೀರಿಕೊಂಡರು. ಹೆಚ್ಚು ನರಳಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನವಿದ್ದರು; ನಾವು ನೋಡಲು ಹೋದಾಗ ಅಲ್ಲಿಯ ನರ್ಸುಗಳ ಹೆಸರು, ಊರುಗಳನ್ನೆಲ್ಲ ವಿಚಾರಿಸಿಕೊಂಡು ಆಗಿತ್ತು, ನಮಗೂ ಒಂದೊಂದಾಗಿ ಒಪ್ಪಿಸಿದರು.

ಶ್ರದ್ಧಾಂಜಲಿ ಸಭೆಯನ್ನು ನಮ್ಮ ಶೀಟಿನ ಹಾಲಿನಲ್ಲೇ ಇಟ್ಟುಕೊಂಡೆವು. ಹೊಳೆನರಸೀಪುರದಿಂದ, ಅರಕಲಗೂಡಿನಿಂದ ಜನ ಬಂದರು; ಕಂಬ ಹತ್ತಿದ ಉತ್ಸಾಹಿಯೂ ಬಂದಿದ್ದ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ನಾವೆಲ್ಲ ಅವ್ವ ಎನ್ನುವವರು, ಸೆರಗು ಹೊದ್ದು ಕೂತಿದ್ದರು. ಮಾತಾಡುವವರೆಲ್ಲ ಮಾತಾಡಿದರು. ಅಧ್ಯಕ್ಷರು ಎದ್ದು, “ಶ್ರದ್ಧಾಂಜಲಿ ಸಭೆಗೆ ವಂದನಾರ್ಪಣೆ ಮಾಡುವ ಪದ್ಧತಿ ಇಲ್ಲ. ಮೌನಾಚರಣೆಯೊಂದಿಗೆ ಮುಗಿಸೋಣ” ಎಂದರು. ಎಲ್ಲರೂ ನಿಂತು ಮೌನ ಆಚರಿಸಿದೆವು. ಮುಗಿಯಿತು ಎಂದರು ಅಧ್ಯಕ್ಷರು.

ಜನ ಮತ್ತೆ ಕೂತರು.

ಯಾರೂ ಹೊರಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಚಪ್ಪಲಿಗೆ ಕಾಲು ಹಾಕಿ ಮತ್ತೆ ತೆಗೆದರು. ಅಧ್ಯಕ್ಷರು ಇನ್ನೊಮ್ಮೆ, “ಸಭೆ ಮುಗಿದಿದೆ” ಎಂದರು. ಹೌದೆಂದು ತಲೆಯಾಡಿಸಿ ಜನ ಕೂತೇ ಇದ್ದರು. ಗೋಡೆಯ ಪಕ್ಕದಲ್ಲಿ ಪುಟ್ಟಮ್ಮ, ಸಣ್ಣಪ್ಪ, ಟೆಂಪೋದವನು ಕೈ ಒರೆಸಿಕೊಂಡು ನಿಂತಿದ್ದರು.

ಆಗ ಅವ್ವ ನನ್ನ ಕಡೆ ತಿರುಗಿದರು. “ಏಳ್ಬುಡಪ್ಪಾ ಮಗಾ. ಎಷ್ಟೊತ್ತು ಅಂತ ಕುಂತಿರ್ತಾರೆ ಪಾಪ? ಜನ ಎದ್ದು ಊರಿಗ್ ಓಗ್ಬ್ಯಾಡ್ವಾ?”

ಹೋದೆ. ಟವೆಲ್ ಇರಲಿಲ್ಲ, ಇಲ್ಲದ ಟವೆಲನ್ನು ಸರಿಮಾಡಿಕೊಂಡೆ. ಉಗುರಿನಿಂದ ಟಕಟಕ ಎನಿಸಿದೆ. “ಈ ಸಭೆಗೆ ಹಾಗಮಿಸಿದ...” ಎಂದಾಗ ಹಾಲಿನ ಹಿಂದಿನಿಂದ ಒಂದು ನಗು ಎದ್ದು, ಎದ್ದ ಕೂಡಲೇ ಮೂಗು ಸೀಟುವ ಸದ್ದಾಯಿತು. ಕುರ್ಚಿ ತಂದವರು, ಹೂವಿನವನು, ಫೋಟೋಗೆ ಕಟ್ಟು ಹಾಕಿದವನು, ಕಾಫಿ ಕಾಯಿಸಿದ ಪುಟ್ಟಮ್ಮ, ಬಾಗಿಲು ತೆಗೆದ ಸಣ್ಣಪ್ಪ, ಆಸ್ಪತ್ರೆಯ ನರ್ಸುಗಳು, ಅವರವರ ಊರು. ಆಮೇಲೆ ಒಂದು ಉಸಿರು ತೆಗೆದುಕೊಂಡು ಹಿಂದಿನವರೆಗೂ ನೋಡಿದೆ. ಯಾರೂ ಬಿಟ್ಟು ಹೋಗಿರಲಿಲ್ಲ.

“ಕೊನೆಯದಾಗಿ...”

ಇಡೀ ಹಾಲ್ ಎದ್ದಿತು. ಕಣ್ಣು ಒರೆಸಿಕೊಂಡು, ನಕ್ಕು, ಚಪ್ಪಲಿ ಹುಡುಕಿಕೊಂಡು ಜನ ಹೊರಟರು.

ಅಧ್ಯಕ್ಷರು ಓಡಿ ಬಂದು ನನ್ನ ತೋಳು ಹಿಡಿದರು. “ಎಲ್ಲರದೂ ಹೇಳಿದೆ. ಟೆಕ್ನಿಕಲಿ ಯಾರ ಸಭೆಯೋ ಅವರ ಹೆಸರನ್ನೇ ಬಿಟ್ಟೆಯಲ್ಲೋ!”

ನಾನು ಬಾಯಿ ತೆರೆಯುವ ಮುಂಚೆ, ಫೋಟೋದ ಮುಂದಿನ ಹೂವನ್ನು ಸರಿಮಾಡುತ್ತಿದ್ದ ಅವ್ವ ತಿರುಗಿ ನೋಡದೆಯೇ ಹೇಳಿದರು: “ಸರಿಯಾಗೇ ಏಳವ್ನೆ ಬುಡಿ. ಇಷ್ಟ್ ವರ್ಷ ಊರೋರ್ಗೆಲ್ಲ ಏಳುದ್ರು, ನನ್ನೆಸ್ರು ಒಂದ್ ದಿನಾನಾರ ಕೂಗಿದ್ರಾ?”